105 ಕೆ.ಜಿ. ಆಟಗಾರ ಗುದ್ದಿದರೂ 80 ಕೆ.ಜಿ.ಯವನು ಯಾಕೆ ಬೀಳಲ್ಲ? ಹಾಕಿ ಗೇಮ್‌ನ ಬಾಡಿ ಚೆಕ್ ಬಗ್ಗೆ

ಪ್ರಶ್ನೆ: ಐಸ್ ಹಾಕಿ ವಿಡಿಯೊ ಗೇಮ್ ಅಂದ್ರೆ ನನಗೆ ಪ್ರಾಣ. ಆದರೆ ಬಾಡಿ ಚೆಕ್, ಅಂದರೆ ಎದುರಾಳಿಯನ್ನು ಮೈಯಿಂದ ಗುದ್ದಿ ತಡೆಯುವುದು, ಮಾತ್ರ ಇನ್ನೂ ಕೈಗೆ ಹತ್ತಿಲ್ಲ. 105 ಕೆ.ಜಿ. ತೂಕದ ಡಿಫೆಂಡರ್‌ನನ್ನು ಪೂರ್ತಿ ವೇಗದಲ್ಲಿ ಓಡಿಸಿಕೊಂಡು ಹೋಗಿ ಗುದ್ದಿಸುತ್ತೇನೆ. 80 ಕೆ.ಜಿ.ಯ ಎದುರಾಳಿ ಸ್ವಲ್ಪ ಅಲುಗಾಡಿ, ಪಕ್ (ಆಡುವ ರಬ್ಬರ್ ಬಿಲ್ಲೆ) ಸಮೇತ ಮುಂದೆ ಹೋಗಿಬಿಡುತ್ತಾನೆ. ಕೆಲವು ಸಲ ನನ್ನ ಆಟಗಾರ ಅವನ ಪಕ್ಕದಲ್ಲೇ ಜಾರಿ ಹೋಗಿ ಬೋರ್ಡಿಗೆ (ಅಂಗಳದ ಸುತ್ತಲಿನ ಗೋಡೆಗೆ) ಬಡಿದುಕೊಳ್ಳುತ್ತಾನೆ. ಅಪರೂಪಕ್ಕೆ ಸರಿಯಾಗಿ ತಗುಲಿದರೆ ರೆಫರಿ ಸೀಟಿ ಊದಿ ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಕಂಪ್ಯೂಟರ್ ಆಟಗಾರರು ಮಾತ್ರ ನನ್ನನ್ನು ಸಲೀಸಾಗಿ ಕೆಡವುತ್ತಾರೆ. ನಾವು ಗೆಲ್ಲುತ್ತಿರುವಾಗ ಗೇಮ್ ಬೇಕಂತಲೇ ನಮ್ಮ ಚೆಕ್‌ಗಳನ್ನು ಸಪ್ಪೆ ಮಾಡುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಿಜವೇ? ತೂಕಕ್ಕೆ ಬೆಲೆಯೇ ಇಲ್ಲವೇ? ಗೇಮ್ ಸೆಟ್ಟಿಂಗ್‌ನಲ್ಲಿ ಗುದ್ದಿನ ಬಲದಂಥವನ್ನು ಏರಿಳಿಸುವ ಸ್ಲೈಡರ್ ಏರಿಸಲಾ, ಇಲ್ಲಾ ತಂಡದ ತುಂಬ ದೊಡ್ಡ ಆಳುಗಳನ್ನೇ ಹಾಕಿಕೊಳ್ಳಲಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. "ಪೂರ್ತಿ ವೇಗದಲ್ಲಿ ಓಡಿಸಿಕೊಂಡು ಹೋಗಿ" ಅಂದಿರಲ್ಲ, ತೊಂದರೆ ಶುರುವಾಗುವುದು ಅಲ್ಲೇ. ಕ್ರೀಡಾ ಗೇಮ್‌ಗಳಲ್ಲಿ ಆಟಗಾರರ ಚಲನೆ ಮತ್ತು ಡಿಕ್ಕಿಯ ಕೋಡ್ ಬರೆಯುವುದು ನನ್ನ ಕೆಲಸ. ಅಲ್ಲಿ ದಿನವೂ ಕಾಣುವುದು ಇದನ್ನೇ: ಚೆಕ್ ಗೆಲ್ಲುವುದು ಮೈಗೆ ಮೈ ತಾಗುವ ಗಳಿಗೆಯಲ್ಲಿ ಅಲ್ಲ, ಅದಕ್ಕೂ ಒಂದೆರಡು ಸೆಕೆಂಡ್ ಮುಂಚೆ. ಯಾವ ದಿಕ್ಕಿನಿಂದ ಬಂದಿರಿ, ಎದುರಾಳಿಯ ಕಾಲು ಯಾವ ಸ್ಥಿತಿಯಲ್ಲಿತ್ತು, ನೀವು ಯಾವಾಗ ಒತ್ತಿದಿರಿ, ಈ ಮೂರೂ ಸೇರಿ ಫಲಿತಾಂಶವನ್ನು ಮೊದಲೇ ಹೆಚ್ಚುಕಡಿಮೆ ತೀರ್ಮಾನ ಮಾಡಿಬಿಟ್ಟಿರುತ್ತವೆ.

ಮೊದಲು ತೂಕದ ಲೆಕ್ಕ ನೋಡೋಣ. ನಿಮ್ಮ 105 ಕೆ.ಜಿ. ಡಿಫೆಂಡರ್ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಹಿಂದಿನಿಂದ ಅಟ್ಟಿಸಿಕೊಂಡು ಹೋಗುತ್ತಿದ್ದಾನೆ ಅಂದುಕೊಳ್ಳಿ. ಎದುರಾಳಿ ಅದೇ ದಿಕ್ಕಿನಲ್ಲಿ 7 ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ. ಪರದೆಯ ಮೇಲೆ ಇಬ್ಬರೂ ಬಾಣದ ಹಾಗೆ ಹೋಗುತ್ತಿರುತ್ತಾರೆ. ಆದರೆ ಇಬ್ಬರ ನಡುವಿನ ವೇಗದ ವ್ಯತ್ಯಾಸ ಸೆಕೆಂಡಿಗೆ 2 ಮೀಟರ್ ಮಾತ್ರ. ಗೇಮ್‌ನ ಭೌತ ಲೆಕ್ಕಕ್ಕೆ ಕಾಣುವುದು ಆ 2 ಮಾತ್ರ. ಅದು ಬೆನ್ನು ತಟ್ಟಿದಷ್ಟೇ!

ಈಗ ಅದೇ ಡಿಫೆಂಡರ್ ಎದುರಿನಿಂದ ಬರಲಿ. ಅವನ ವೇಗ ಬರೀ 4 ಮೀಟರ್ ಇರಲಿ. ಎದುರಾಳಿಯ 7 ಸೇರಿದರೆ 11 ಆಯಿತು. ಡಿಕ್ಕಿಯ ಶಕ್ತಿ ಈ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 2ರ ವರ್ಗ 4, 11ರ ವರ್ಗ 121. ಅಂದರೆ ಸುಮಾರು 30 ಪಟ್ಟು ಜಾಸ್ತಿ. ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಬಂದವನು 30 ಪಟ್ಟು ದೊಡ್ಡ ಡಿಕ್ಕಿ ಹೊಡೆದ.

ತೂಕ ಬದಲಾದರೆ ಎಷ್ಟು ವ್ಯತ್ಯಾಸ ಆಗುತ್ತದೆ? 105 ಕೆ.ಜಿ.ಯವನ ಜಾಗದಲ್ಲಿ 85 ಕೆ.ಜಿ.ಯವನನ್ನು ಹಾಕಿ, ಉಳಿದದ್ದೆಲ್ಲ ಹಾಗೇ ಇರಲಿ. ಡಿಕ್ಕಿಯ ಲೆಕ್ಕದಲ್ಲಿ ಇಬ್ಬರ ತೂಕವೂ ಸೇರುವುದರಿಂದ ಅದರ ಶಕ್ತಿ ಕಡಿಮೆಯಾಗುವುದು ಶೇ. 9ರಷ್ಟು ಮಾತ್ರ. 20 ಕೆ.ಜಿ. ಕಳೆದುಕೊಂಡರೂ ಅಷ್ಟೇ. ಹಾಗಂತ ತೂಕಕ್ಕೆ ಬೆಲೆ ಇಲ್ಲ ಅಂತಲ್ಲ. ಡಿಕ್ಕಿ ಆದ ಮೇಲೆ ಯಾರು ಹಿಂದೆ ಸರಿಯುತ್ತಾರೆ, ಯಾರು ನಿಂತಲ್ಲೇ ಉಳಿಯುತ್ತಾರೆ ಅನ್ನುವುದನ್ನು ತೂಕ ಹೇಳುತ್ತದೆ. ಬೋರ್ಡಿನ ಪಕ್ಕದ ತಳ್ಳಾಟದಲ್ಲಿ, ಗೋಲಿನ ಮುಂದಿನ ನೂಕಾಟದಲ್ಲಿ ದೊಡ್ಡ ಮೈಯವನೇ ಗೆಲ್ಲುವುದು ಅದಕ್ಕೇ. ಓಡುತ್ತಿರುವವನನ್ನು ಬಯಲಲ್ಲಿ ಕೆಡವುವುದು ಬೇರೆ ಕೆಲಸ. ಅಲ್ಲಿ ತೂಕಕ್ಕಿಂತ ದಿಕ್ಕು ದೊಡ್ಡದು.

ಇನ್ನು ಕೋನದ ವಿಷಯ. ನೇರವಾಗಿ ಎದೆಗೆ ಎದೆ ಕೊಟ್ಟರೆ ಪೂರ್ತಿ ವೇಗ ಲೆಕ್ಕಕ್ಕೆ ಬರುತ್ತದೆ. ಭುಜ ಸವರಿಕೊಂಡು ಹೋದರೆ ಒಂದು ಪಾಲು ಮಾತ್ರ. ನೇರ ಗೆರೆಯಿಂದ 60 ಡಿಗ್ರಿ ಓರೆಯಾದರೆ ಲೆಕ್ಕಕ್ಕೆ ಬರುವ ವೇಗ ಅರ್ಧವಾಗುತ್ತದೆ, ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. "ಸರಿಯಾಗಿಯೇ ತಗುಲಿತ್ತು, ಆದರೂ ಬೀಳಲಿಲ್ಲ" ಅಂತ ನನಗೆ ಕಳಿಸುವ ಕ್ಲಿಪ್‌ಗಳನ್ನು ನಿಧಾನಕ್ಕೆ ಓಡಿಸಿ ನೋಡಿದರೆ ಹೆಚ್ಚಿನವುಗಳಲ್ಲಿ ಕಾಣುವುದು ಇದೇ. ಮೈ ತಾಗಿದೆ ನಿಜ, ಆದರೆ ಬದಿಯಲ್ಲಿ ಉಜ್ಜಿಕೊಂಡು ಹೋಗಿದೆ.

ಇದಿಷ್ಟು ಭೌತಶಾಸ್ತ್ರ. ಗೇಮ್‌ನಲ್ಲಿ ಇದರ ಮೇಲೆ ಇನ್ನೊಂದು ಪದರ ಇದೆ. ಅದು ಸಮತೋಲನ. ಮಂಜುಗಡ್ಡೆಯ ಮೇಲೆ ಘರ್ಷಣೆ ತೀರಾ ಕಡಿಮೆ. ಆಟಗಾರನನ್ನು ಹಿಡಿದು ನಿಲ್ಲಿಸುವುದು ಸ್ಕೇಟ್‌ನ ಅಂಚು. ಎರಡೂ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಅಂಚನ್ನು ಮಂಜಿಗೆ ಕಚ್ಚಿಸಿದವನನ್ನು ಕದಲಿಸುವುದು ಕಷ್ಟ. ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸುತ್ತಿರುವವನ ಮೈಯೆಲ್ಲ ಆ ಗಳಿಗೆಯಲ್ಲಿ ಒಂದೇ ಅಂಚಿನ ಮೇಲಿರುತ್ತದೆ. ಅವನನ್ನು ಭುಜದಿಂದ ಸ್ವಲ್ಪ ಒತ್ತಿದರೂ ಸಾಕು. ಒಳ್ಳೆಯ ಗೇಮ್‌ಗಳಲ್ಲಿ ಆಟಗಾರನ ಪ್ರತಿ ಹೆಜ್ಜೆಗೂ ಇಂಥ ಒಂದು ಬೆಲೆ ಕಟ್ಟಿರುತ್ತೇವೆ. ಪಾಸ್ ಹಿಡಿಯಲು ಕೈ ಚಾಚಿದ್ದಾನಾ? ಶಾಟ್ ಹೊಡೆಯಲು ಸ್ಟಿಕ್ ಎತ್ತಿದ್ದಾನಾ? ಮುಂದಿನಿಂದ ಹಿಂದಕ್ಕೆ ಮೈ ತಿರುಗಿಸುತ್ತಿದ್ದಾನಾ? ಆಗೆಲ್ಲ ಅವನ ಬಲ ಕಡಿಮೆ. ಅವನು ನಿಮ್ಮನ್ನು ನೋಡಿ ಮೈ ಗಟ್ಟಿ ಮಾಡಿಕೊಂಡಿದ್ದರೆ ಬಲ ಜಾಸ್ತಿ.

ಇದು ನನ್ನ ಊಹೆ ಅಲ್ಲ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಹೆಸರಿನಲ್ಲಿ ಇಎ ಸ್ಪೋರ್ಟ್ಸ್ ತರುವ ಗೇಮ್ ಸರಣಿಯ ಸ್ಲೈಡರ್ ಪಟ್ಟಿಯಲ್ಲೇ ಸೈಜ್ ಎಫೆಕ್ಟ್, ಸ್ಪೀಡ್ ಎಫೆಕ್ಟ್ ಜೊತೆಗೆ ಪ್ರಿಪೇರ್ಡ್‌ನೆಸ್ ಎಫೆಕ್ಟ್ ಅಂತ ಬೇರೆಯಾಗಿ ಇರುವುದನ್ನು ನೀವು ನೋಡಿರಬಹುದು. ಮೈಯ ಅಳತೆ, ವೇಗ, ಎದುರಾಳಿಯ ಸಿದ್ಧತೆ, ಮೂರನ್ನೂ ಬೇರೆ ಬೇರೆ ತೂಗುತ್ತೇವೆ ಅಂತ ಗೇಮ್ ತಾನೇ ಹೇಳುತ್ತಿದೆ. ನೀವು ಇಲ್ಲಿವರೆಗೆ ಮೊದಲನೆಯದನ್ನು ಮಾತ್ರ ನಂಬಿ ಆಡುತ್ತಿದ್ದೀರಿ.

ದೊಡ್ಡವನೇ ಗೆಲ್ಲಬೇಕು ಅನ್ನುವ ನಂಬಿಕೆ ಎಲ್ಲಿಂದ ಬಂತು ಅನ್ನುವುದೂ ನನಗೆ ಅರ್ಥವಾಗುತ್ತದೆ. ಹಳೇ ಗೇಮ್‌ಗಳು ಹಾಗೇ ಇದ್ದವು. ನಿಂಟೆಂಡೊದ 1988ರ ಐಸ್ ಹಾಕಿ ಗೇಮ್‌ನಲ್ಲಿ ಮೂರೇ ಬಗೆಯ ಆಟಗಾರರು: ಸಣಕಲ, ಮಧ್ಯಮ, ದಪ್ಪ. ದಪ್ಪಗಿದ್ದವನು ನಿಧಾನ, ಆದರೆ ಗುದ್ದಾಟದಲ್ಲಿ ಮುಂದು. ಲೆಕ್ಕ ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಬಂದ ಎನ್‌ಎಚ್‌ಎಲ್ 94ರಲ್ಲಿ ಒಂದು ಪ್ರಸಿದ್ಧ ದೋಷ ಇತ್ತು. ಅದರಲ್ಲಿ ತೂಕದ ಲೆಕ್ಕ ತಿರುಗುಮುರುಗಾಗಿತ್ತು. ಹಗುರ ಆಟಗಾರರೇ ಭಾರದವರನ್ನು ಚೆನ್ನಾಗಿ ಕೆಡವುತ್ತಿದ್ದರು. ಆ ಗೇಮನ್ನು ಇವತ್ತಿಗೂ ಸ್ಪರ್ಧೆಗೆ ಆಡುವವರು ತಂಡ ಆರಿಸುವಾಗ ಇದನ್ನು ನೆನಪಿಟ್ಟುಕೊಂಡೇ ಆರಿಸುತ್ತಾರೆ. ಭೌತಿಕ ಡಿಕ್ಕಿಯ ಎಂಜಿನ್ ದೊಡ್ಡದಾಗಿ ಬಂದದ್ದು 2011ರಲ್ಲಿ ಬಿಡುಗಡೆಯಾದ ಎನ್‌ಎಚ್‌ಎಲ್ 12ರ ಹೊತ್ತಿಗೆ. 2013ರ ಎನ್‌ಎಚ್‌ಎಲ್ 14ರಲ್ಲಿ ಡಿಕ್ಕಿಯ ಲೆಕ್ಕ ಮತ್ತೆ ಬದಲಾಯಿತು. 2023ರ ಎನ್‌ಎಚ್‌ಎಲ್ 24ರಲ್ಲಿ ಮೈ ತಾಗಾಟವನ್ನು ಮತ್ತೊಮ್ಮೆ ಹೊಸದಾಗಿ ಕಟ್ಟಿದರು. ಆದ್ದರಿಂದ ಒಂದು ಆವೃತ್ತಿಯಲ್ಲಿ ಕಲಿತ ಚೆಕ್ ಇನ್ನೊಂದರಲ್ಲಿ ಹಾಗೇ ಕೆಲಸ ಮಾಡಬೇಕು ಅಂತ ಏನೂ ಇಲ್ಲ. ಗೆಳೆಯರು ಕೊಡುವ ಸಲಹೆ ಯಾವ ಆವೃತ್ತಿಯದು ಅಂತ ಒಮ್ಮೆ ಕೇಳಿಕೊಳ್ಳಿ.

ಈಗ ನಿಮ್ಮ ಎರಡನೇ ದೂರು: ಪಕ್ಕದಲ್ಲೇ ಜಾರಿ ಹೋಗುವುದು. ಇದಕ್ಕೆ ಕಾರಣ ಸಮಯ. ನೀವು ಜಾಯ್‌ಸ್ಟಿಕ್ ತಳ್ಳಿದ ಕೂಡಲೇ ಡಿಕ್ಕಿ ಆಗುವುದಿಲ್ಲ. ಆಟಗಾರ ಭುಜ ತಗ್ಗಿಸಿ ಮೈ ಮುಂದೆ ಎಸೆಯುವ ಒಂದು ಅನಿಮೇಷನ್ ಶುರುವಾಗುತ್ತದೆ. ಅದು ಶುರುವಾದ ಮೇಲೆ ಅವನು ದಿಕ್ಕು ಬದಲಿಸುವ ಶಕ್ತಿ ಬಹಳ ಕಡಿಮೆ. ನಾವು ಬೇಕಂತಲೇ ಹಾಗೆ ಮಾಡುತ್ತೇವೆ. ಇಲ್ಲದಿದ್ದರೆ ಪ್ರತಿ ಚೆಕ್ಕೂ ಅಯಸ್ಕಾಂತದ ಹಾಗೆ ಎದುರಾಳಿಗೆ ಅಂಟಿಕೊಂಡು, ತಪ್ಪಿಸಿಕೊಳ್ಳುವ ಕಲೆಗೇ ಜಾಗ ಇರುವುದಿಲ್ಲ.

ಗೇಮ್ ಸೆಕೆಂಡಿಗೆ 60 ಫ್ರೇಮ್ (ಪರದೆಯ ಬಿಡಿ ಚಿತ್ರ) ಓಡುತ್ತಿದ್ದರೆ ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ಇಬ್ಬರೂ ಎದುರುಬದುರು 11 ಮೀಟರ್ ವೇಗದಲ್ಲಿ ಹತ್ತಿರ ಬರುತ್ತಿದ್ದರೆ ಒಂದು ಫ್ರೇಮ್‌ನಲ್ಲಿ 18 ಸೆಂಟಿಮೀಟರ್ ಅಂತರ ಕರಗುತ್ತದೆ. ಹತ್ತು ಫ್ರೇಮ್ ಬೇಗ ಒತ್ತಿದರೆ ಹೆಚ್ಚುಕಡಿಮೆ 2 ಮೀಟರ್ ತಪ್ಪು. ಅಷ್ಟರಲ್ಲಿ ಎದುರಾಳಿ ಪಕ್ ಅನ್ನು ಇನ್ನೊಂದು ಬದಿಗೆ ಎಳೆದು ಮೈ ತಿರುಗಿಸಿರುತ್ತಾನೆ. ನಿಮ್ಮ ಡಿಫೆಂಡರ್ ಖಾಲಿ ಜಾಗಕ್ಕೆ ಭುಜ ಕೊಟ್ಟು ಬೋರ್ಡಿನ ಕಡೆ ಜಾರುತ್ತಾನೆ. ಆನ್‌ಲೈನ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಸರ್ವರ್‌ಗೆ ನಿಮ್ಮ ಸಂದೇಶ ಮುಟ್ಟಲು 60 ಮಿಲಿಸೆಕೆಂಡ್ ತಡವಾದರೆ ಅದೇ ವೇಗದಲ್ಲಿ 66 ಸೆಂಟಿಮೀಟರ್ ವ್ಯತ್ಯಾಸ. ನಿಮ್ಮ ಪರದೆಯಲ್ಲಿ ಎದುರಿಗೇ ಇದ್ದವನು ಸರ್ವರ್‌ನ ಲೆಕ್ಕದಲ್ಲಿ ಒಂದು ಭುಜದಷ್ಟು ಪಕ್ಕಕ್ಕೆ ಸರಿದಾಗಿದೆ. ನಿಮಗೆ ಅದು ಮೋಸ ಅನ್ನಿಸುತ್ತದೆ, ಸಹಜ. ಆದರೆ ಸರ್ವರ್ ಯಾವುದೋ ಒಂದು ಲೆಕ್ಕವನ್ನು ನಂಬಲೇಬೇಕು, ಅಲ್ವಾ?

ಕಂಪ್ಯೂಟರ್ ಆಟಗಾರರು ಸಲೀಸಾಗಿ ಕೆಡವುವುದೂ ಇದಕ್ಕೇ. ಅವರಿಗೆ ಕಣ್ಣಿನಿಂದ ಕೈಗೆ ಹೋಗುವ ತಡ ಇಲ್ಲ. ನಿಮ್ಮ ಸ್ಥಾನ, ವೇಗ, ದಿಕ್ಕು ಎಲ್ಲ ಅಂಕಿಗಳಲ್ಲೇ ಸಿಗುತ್ತವೆ. ಭುಜ ತಗ್ಗಿಸುವುದನ್ನು ಸರಿಯಾದ ಫ್ರೇಮ್‌ನಲ್ಲೇ ಶುರು ಮಾಡಬಲ್ಲರು. ಕಷ್ಟದ ಮಟ್ಟ ಇಳಿಸಿದಾಗ ನಾವು ಮಾಡುವ ಕೆಲಸಗಳಲ್ಲಿ ಒಂದು, ಅವರಿಗೆ ಬೇಕಂತಲೇ ಸ್ವಲ್ಪ ತಡ ಮತ್ತು ತಪ್ಪು ಸೇರಿಸುವುದು. ಇನ್ನೊಂದು ಮಾತು. ಅವರು ನಿಮ್ಮನ್ನು ಕೆಡವಿದ ದೃಶ್ಯಗಳನ್ನು ರೀಪ್ಲೇ ಹಾಕಿ ನೋಡಿ. ನೀವು ಆಗ ಪಕ್ ಕಡೆಗೇ ಗಮನ ಕೊಟ್ಟು ಸ್ಟಿಕ್ ಆಡಿಸುತ್ತಾ ನೇರವಾಗಿ ನಡುವಿನಲ್ಲಿ ನುಗ್ಗುತ್ತಿದ್ದಿರಿ ಅನ್ನುವುದು ಬಹಳ ಸಲ ಕಾಣುತ್ತದೆ.

ಹಾಗಾದರೆ ಗೆಳೆಯರು ಹೇಳುವ ಸಂಚು? ಗೆಲ್ಲುವವನಿಗೆ ಮಂಜುಗಡ್ಡೆಯೇ ಓರೆಯಾಗುತ್ತದೆ ಅನ್ನುವ ಮಾತು ಆಡುವವರ ನಡುವೆ ಬಹಳ ಹಳೆಯದು. ಒಳಗಿನಿಂದ ನೋಡಿದವನಾಗಿ ಎರಡು ವಿಷಯ ಹೇಳುತ್ತೇನೆ. ಡಿಕ್ಕಿಯ ಫಲಿತಾಂಶದಲ್ಲಿ ಸ್ವಲ್ಪ ಅದೃಷ್ಟದ ಅಂಶ ಸೇರಿಸುವುದು ನಮ್ಮಲ್ಲಿ ಮಾಮೂಲಿ. ಅದಿಲ್ಲದಿದ್ದರೆ ಒಂದೇ ಬಗೆಯ ಗುದ್ದು ಪ್ರತಿ ಸಲವೂ ಒಂದೇ ಬಗೆಯಲ್ಲಿ ಕೆಡವುತ್ತದೆ, ಹತ್ತು ಪಂದ್ಯಕ್ಕೆ ಆಟ ಸಾಕಾಗಿಬಿಡುತ್ತದೆ. ಎರಡನೆಯದು, ಪಂದ್ಯದ ಕೊನೆಯಲ್ಲಿ ಚೆಕ್ ಸಪ್ಪೆಯಾಗಲು ಬೇರೆ ಕಾರಣ ಕಣ್ಣಮುಂದೆಯೇ ಇದೆ: ದಣಿವು. ಒಂದೇ ಜೋಡಿ ಡಿಫೆಂಡರ್‌ಗಳನ್ನು ಬದಲಿಸದೆ ಓಡಿಸಿದರೆ ಅವರ ವೇಗ, ಸಮತೋಲನ ಎರಡೂ ಕುಸಿಯುತ್ತವೆ. ಗೆಲ್ಲುತ್ತಿರುವ ತಂಡ ಎದುರಾಳಿಯ ಒತ್ತಡದಲ್ಲಿ ತನ್ನ ವಲಯದಲ್ಲೇ ಸಿಕ್ಕಿಕೊಂಡು ಆಟಗಾರರನ್ನು ಬದಲಿಸಲು ಆಗದೆ ಒದ್ದಾಡುವುದು ನಿಜವಾದ ಪಂದ್ಯದಲ್ಲೂ ಇದೆ. ಅನುಮಾನ ಉಳಿದರೆ ಅಭ್ಯಾಸದ ಮೋಡ್‌ನಲ್ಲಿ ಒಂದೇ ಆಟಗಾರನನ್ನು ಒಂದೇ ಕೋನದಿಂದ ಮತ್ತೆ ಮತ್ತೆ ಗುದ್ದಿ ನೋಡಿ. ಸ್ಕೋರೇ ಇಲ್ಲದ ಕಡೆಯೂ ಫಲಿತಾಂಶ ಏರಿಳಿಯುವುದು ಕಾಣುತ್ತದೆ.

ರೆಫರಿಯ ವಿಷಯಕ್ಕೆ ಬರೋಣ. ಬಾಡಿ ಚೆಕ್ ಕಾನೂನುಬದ್ಧ ಆಗಲು ಎದುರಾಳಿಯ ಬಳಿ ಪಕ್ ಇರಬೇಕು, ಇಲ್ಲವೇ ಆಗಷ್ಟೇ ಬಿಟ್ಟಿರಬೇಕು. ಪಾಸ್ ಕೊಟ್ಟು ಮುಗಿಸಿದವನನ್ನು ತಡವಾಗಿ ಗುದ್ದಿದರೆ ಇಂಟರ್‌ಫಿಯರೆನ್ಸ್. ಬಹಳ ದೂರದಿಂದ ಓಡಿ ಬಂದು ಅಥವಾ ಜಿಗಿದು ಗುದ್ದಿದರೆ ಚಾರ್ಜಿಂಗ್. ರಕ್ಷಣೆಗೆ ಅವಕಾಶವೇ ಇಲ್ಲದವನನ್ನು ಬೋರ್ಡಿಗೆ ಜೋರಾಗಿ ಅಪ್ಪಳಿಸಿದರೆ ಬೋರ್ಡಿಂಗ್. ತಲೆಗೆ ಗುರಿಯಿಟ್ಟ ಚೆಕ್ ಮೇಲೆ ಎನ್‌ಎಚ್‌ಎಲ್ 2010ರಲ್ಲಿ ಬೇರೆಯೇ ನಿಯಮ ತಂದಿತು. ಸಣ್ಣ ಪೆನಾಲ್ಟಿಗೆ 2 ನಿಮಿಷ, ದೊಡ್ಡದಕ್ಕೆ 5 ನಿಮಿಷ. ನೀವು ಹೇಳಿದ ಆಟದ ಶೈಲಿ, ಅಂದರೆ ದೂರದಿಂದ ಪೂರ್ತಿ ವೇಗದಲ್ಲಿ ಬಂದು ಹಿಂದಿನಿಂದ ಗುದ್ದುವುದು, ಈ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಒಟ್ಟಿಗೇ ದಾರಿ ಮಾಡುತ್ತದೆ. ಮುಖ್ಯವಾಗಿ ಬೋರ್ಡಿನಿಂದ ಒಂದೂವರೆ ಮೀಟರ್‌ನಷ್ಟು ದೂರದಲ್ಲಿ, ಬೋರ್ಡಿಗೆ ಮುಖ ಮಾಡಿ ಬಾಗಿರುವವನನ್ನು ಬಿಟ್ಟುಬಿಡಿ. ಅದು ಅತಿ ಅಪಾಯದ ಜಾಗ. ನಿಜವಾದ ಆಟದಲ್ಲಿ ಕುತ್ತಿಗೆಗೆ ಪೆಟ್ಟಾಗುವುದು ಅಲ್ಲಿ. ಬೋರ್ಡಿಗೆ ಮೈ ಅಂಟಿಸಿಕೊಂಡು ನಿಂತವನನ್ನು ಪಕ್ಕದಿಂದ ಒತ್ತಿ ಹಿಡಿಯುವುದು ಎಷ್ಟೋ ಸುರಕ್ಷಿತ, ಪಕ್ ಸಿಗುವ ಸಂಭವವೂ ಜಾಸ್ತಿ.

ಈಗ ಏನು ಮಾಡಬಹುದು? ನಾನು ಮೊದಲು ಹೇಳುವುದು ಬೆನ್ನಟ್ಟುವುದನ್ನು ಬಿಡಿ ಅಂತ. ಎದುರಾಳಿ ನಿಮ್ಮ ಕಡೆ ಬರುವಾಗ ಡಿಫೆಂಡರ್ ಹಿಂದಕ್ಕೆ ಸ್ಕೇಟ್ ಮಾಡುತ್ತಾ ಒಂದು ಸ್ಟಿಕ್‌ನಷ್ಟು ಅಂತರ ಕಾಯ್ದುಕೊಳ್ಳಲಿ. ನಡುವಿನ ದಾರಿ ಮುಚ್ಚಿ, ಬೋರ್ಡಿನ ಕಡೆಯ ದಾರಿ ತೆರೆದಿಡಿ. ಅವನು ಆ ಕಡೆಗೇ ಹೋಗುತ್ತಾನೆ, ಬೇರೆ ದಾರಿ ಇಲ್ಲ. ಬೋರ್ಡು ಹತ್ತಿರವಾದಂತೆ ಅವನಿಗೆ ಜಾಗ ಕಡಿಮೆಯಾಗುತ್ತದೆ. ಆಗ ಅವನಿಗಿಂತ ಸ್ವಲ್ಪ ಮುಂದಿನ ಜಾಗಕ್ಕೆ ಗುರಿಯಿಟ್ಟು ಭುಜ ಕೊಡಿ. ಓಟದ ಬಟನ್ ಬಿಟ್ಟು, ಜಾರುತ್ತಾ ಬಂದರೂ ಸಾಕು. ಚೆಕ್‌ಗೆ ಮುಂಚೆ ಒಮ್ಮೆ ಪೋಕ್ ಚೆಕ್ ಮಾಡಿದರೆ, ಅಂದರೆ ಪಕ್ ತಟ್ಟಲು ಸ್ಟಿಕ್ ಚಾಚಿದರೆ, ಅವನು ಪಕ್ ಉಳಿಸಿಕೊಳ್ಳಲು ಮೈ ತಿರುಗಿಸುತ್ತಾನೆ, ಸಮತೋಲನ ಕೆಡುತ್ತದೆ. ಪೋಕ್ ಚೆಕ್ ಒಂದರ ಹಿಂದೆ ಒಂದು ಒತ್ತಬೇಡಿ, ಸ್ಟಿಕ್ ಕಾಲಿಗೆ ಸಿಕ್ಕಿ ಅವನು ಬಿದ್ದರೆ ಟ್ರಿಪ್ಪಿಂಗ್ ಪೆನಾಲ್ಟಿ ಆಗುತ್ತದೆ. ಈ ವಿಧಾನದಲ್ಲಿ ನಷ್ಟವೂ ಇದೆ. ಎದುರಾಳಿಗೆ ನೀಲಿ ಗೆರೆ ದಾಟಿ ನಿಮ್ಮ ವಲಯಕ್ಕೆ ಬರಲು ಬಿಟ್ಟುಕೊಡಬೇಕಾಗುತ್ತದೆ, ದೊಡ್ಡ ದೊಡ್ಡ ಗುದ್ದುಗಳು ಕಡಿಮೆಯಾಗುತ್ತವೆ. ಆದರೆ ಪಕ್ ನಿಮ್ಮ ಕೈಗೆ ಬರುವುದು ಜಾಸ್ತಿಯಾಗುತ್ತದೆ. ಎದುರಾಳಿ ನೆಲಕ್ಕೆ ಬಿದ್ದು ಪಕ್ ಮಾತ್ರ ಅವರ ತಂಡದವನಿಗೇ ಸಿಕ್ಕರೆ ಆ ಗುದ್ದಿನಿಂದ ಏನೂ ಸಿಗಲಿಲ್ಲ.

ಹಿಪ್ ಚೆಕ್, ಅಂದರೆ ಬಾಗಿ ಸೊಂಟದಿಂದ ಗುದ್ದುವುದು, ಅದರ ಬಗ್ಗೆ ಒಂದೇ ಮಾತು. ನೋಡಲು ಸೊಗಸು, ತಪ್ಪಿದರೆ ನೀವು ಆಟದಿಂದಲೇ ಹೊರಗೆ. ಮಂಡಿಗಿಂತ ಕೆಳಗೆ ತಗುಲಿದರೆ ಪೆನಾಲ್ಟಿ. ಹಿಂದೆ ಇನ್ನೊಬ್ಬ ಡಿಫೆಂಡರ್ ಕಾವಲಿಗೆ ಇದ್ದಾಗ ಮಾತ್ರ ಪ್ರಯತ್ನಿಸಿ.

ಸ್ಲೈಡರ್ ಏರಿಸುವುದು ತಪ್ಪೇನಲ್ಲ, ಆಫ್‌ಲೈನ್ ಆಟ ನಿಮ್ಮ ಖುಷಿಗೆ ಇರುವುದು. ಆದರೆ ನಿಮ್ಮ ಕಡೆಯದು ಯಾವುದು, ಕಂಪ್ಯೂಟರ್ ಕಡೆಯದು ಯಾವುದು ಅಂತ ನೋಡಿಕೊಂಡು ಬದಲಿಸಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಅವರ ಗುದ್ದೂ ಬಲವಾಗುತ್ತದೆ, ನಿಮ್ಮ ದೂರು ಹಾಗೇ ಉಳಿಯುತ್ತದೆ. ಬರೀ ಹಿಟ್ಟಿಂಗ್ ಪವರ್ (ಗುದ್ದಿನ ಬಲ) ಏರಿಸಿದರೆ ಸವರಿದ ಡಿಕ್ಕಿಗೂ ಆಟಗಾರರು ಹಾರಿ ಬೀಳುತ್ತಾರೆ. ಪಾಸ್ ಮಾಡಿ ಕಟ್ಟುವ ಆಟಕ್ಕೆ ಅರ್ಥವೇ ಇರುವುದಿಲ್ಲ. ತೂಕಕ್ಕೆ ಬೆಲೆ ಬೇಕು ಅನ್ನುವುದೇ ನಿಮ್ಮ ಆಸೆ ಆದರೆ ಸೈಜ್ ಎಫೆಕ್ಟ್ ಒಂದನ್ನೇ ಸ್ವಲ್ಪ ಏರಿಸಿ, ಕೆಲವು ಪಂದ್ಯ ಆಡಿ ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟಿ. ಆನ್‌ಲೈನ್ ಸ್ಪರ್ಧೆಯ ಪಂದ್ಯಗಳಲ್ಲಿ ನಿಮ್ಮ ಸ್ಲೈಡರ್‌ಗಳು ನಡೆಯುವುದಿಲ್ಲ. ಅಲ್ಲಿ ಹೋಗಿ ಆಡುವ ಆಸೆ ಇದ್ದರೆ ಇದರ ಚಟ ಹಚ್ಚಿಕೊಳ್ಳದಿರುವುದೇ ಒಳ್ಳೆಯದು. ಅದಕ್ಕಿಂತ ಮೊದಲು ಟಿವಿಯಲ್ಲಿ ಗೇಮ್ ಮೋಡ್ ಹಾಕಿದೆಯಾ ನೋಡಿಕೊಳ್ಳಿ. ಟಿವಿ ಚಿತ್ರವನ್ನು ತಿದ್ದಿ ತೋರಿಸಲು ತೆಗೆದುಕೊಳ್ಳುವ ಸಮಯ ಕೂಡ ನಿಮ್ಮ ಫ್ರೇಮ್‌ಗಳನ್ನೇ ತಿನ್ನುತ್ತದೆ. ಸೆಟ್ಟಿಂಗ್ ಬದಲಿಸಿದ ದಿನವೇ ಚೆಕ್‌ಗಳು ಸರಿಯಾಗಿ ತಗುಲಲು ಶುರುವಾದವು ಅಂತ ಬರೆದವರು ಇದ್ದಾರೆ.

ಇನ್ನು ತಂಡದ ತುಂಬ ದೊಡ್ಡ ಆಳುಗಳು. ಬೇಡ ಅನ್ನುತ್ತೇನೆ. ಎನ್‌ಎಚ್‌ಎಲ್‌ನಲ್ಲಿ ಆಡಿದ ಅತಿ ಎತ್ತರದ ಆಟಗಾರರಲ್ಲಿ ಒಬ್ಬರು ಡಿಫೆಂಡರ್ ಜ್ಡೆನೋ ಚಾರಾ, 6 ಅಡಿ 9 ಇಂಚು. ಅವರು ಅಷ್ಟು ವರ್ಷ ನಡೆಸಿದ್ದು ಬರೀ ಮೈಬಲದಿಂದ ಅಲ್ಲ. ಉದ್ದನೆಯ ಕೈ, ಉದ್ದನೆಯ ಸ್ಟಿಕ್, ಎಲ್ಲಿ ನಿಲ್ಲಬೇಕು ಅನ್ನುವ ತಿಳಿವಳಿಕೆ ಅವರ ಬಲ. ಗೇಮ್‌ನಲ್ಲಿ ಭಾರಿ ಆಳುಗಳು ಸಾಮಾನ್ಯವಾಗಿ ನಿಧಾನಕ್ಕೆ ತಿರುಗುತ್ತಾರೆ. ಚುರುಕಾದ ಫಾರ್ವರ್ಡ್ ಒಬ್ಬ ಹೊರಬದಿಯಿಂದ ಸುತ್ತಿಕೊಂಡು ಹೋದರೆ ಅವರಿಗೆ ಹಿಡಿಯಲು ಆಗುವುದಿಲ್ಲ. ಆಗ ನೀವು ಮತ್ತೆ ಹಿಂದಿನಿಂದ ಅಟ್ಟಿಸಿಕೊಂಡು ಹೋಗುತ್ತೀರಿ, ಮತ್ತೆ ಆ 2 ಮೀಟರ್ ಲೆಕ್ಕಕ್ಕೇ ಬರುತ್ತೀರಿ. ಆಟಗಾರನನ್ನು ಆರಿಸುವಾಗ ತೂಕದ ಜೊತೆ ಬಾಡಿ ಚೆಕಿಂಗ್, ಬ್ಯಾಲೆನ್ಸ್ (ಸಮತೋಲನ), ಅಜಿಲಿಟಿ (ಚುರುಕುತನ) ಅಂಕಗಳನ್ನೂ ನೋಡಿ. ಪ್ರತಿ ಡಿಫೆನ್ಸ್ ಜೋಡಿಯಲ್ಲಿ ಒಬ್ಬ ಭಾರದವನು, ಒಬ್ಬ ಚುರುಕಿನವನು ಇರಲಿ. ಚುರುಕಿನವನು ಎದುರಾಳಿಯನ್ನು ಬೋರ್ಡಿನ ಕಡೆ ತಿರುಗಿಸಲಿ, ಭಾರದವನು ಗೋಲಿನ ಮುಂದೆ ನಿಂತು ಅಲ್ಲಿಗೆ ಬಂದವರನ್ನು ನೂಕಲಿ.